ಹನ್ನೆರಡನೇ ಆರೋಗ್ಯವಂತೆ

ಲ್ಯಾಬಿನ ಅಕ್ಕ ಮಾತಿಗೆ ನಿಂತರೆ ರಕ್ತ ತಿರುಗಿಸುವ ಯಂತ್ರಕ್ಕೇ ತಲೆ ಸುತ್ತು ಬರುತ್ತಿತ್ತು. ಸ್ತನ ಕ್ಯಾನ್ಸರನ್ನು ಗಂಟು ಕೈಗೆ ಸಿಗುವ ಮೊದಲೇ ರಕ್ತ ಮತ್ತು ಎಂಜಲಿನಲ್ಲಿ ಏರುವ ಕಿಣ್ವದಿಂದ ಹಿಡಿಯಬಹುದೇ ಎಂಬ ಪರೀಕ್ಷೆ ಅಲ್ಲಿ ನಡೆದಿತ್ತು. ಹೋಲಿಸಿ ನೋಡಲು ಹನ್ನೆರಡು ಮಂದಿ ಆರೋಗ್ಯವಂತ ಹೆಂಗಸರು ಬೇಕಿತ್ತು, ಬಂದದ್ದು ಹನ್ನೊಂದೇ. ಅಕ್ಕ ಯಾರಿಗೂ ಹೇಳದೆ ಹನ್ನೆರಡನೇ ಟ್ಯೂಬಿಗೆ ತಾನೇ ಉಗುಳಿ, ರಕ್ತವನ್ನೂ ಕೊಟ್ಟು, ಮೇಲೆ ‘ಆರೋಗ್ಯವಂತೆ’ ಎಂದು ಬರೆದಳು. ಕಲ್ಲನ್ನೂ ಅರಗಿಸಿಕೊಳ್ಳುವ ಜೀವ, ಅದರಲ್ಲಿ ಸುಳ್ಳೇನಿತ್ತು?

ಫಲಿತಾಂಶ ಬಂದಾಗ ರಕ್ತದಲ್ಲೂ ಎಂಜಲಲ್ಲೂ ಹನ್ನೆರಡನೆಯವಳ ಕಿಣ್ವ ಮಾತ್ರ ಛಾವಣಿಗೆ ಏಣಿ ಹಾಕಿ ಕೂತಿತ್ತು.

“ಟ್ಯೂಬ್ ಅದಲುಬದಲು ಮಾಡಿದ್ದೀಯ ಕಣಮ್ಮ,” ಎಂದರು ಪರೀಕ್ಷೆ ನಡೆಸುತ್ತಿದ್ದ ಡಾಕ್ಟರಮ್ಮ. “ಇದನ್ನ ಹೊಡೆದುಹಾಕು. ಇಷ್ಟಿರೋರು ಆರೋಗ್ಯವಾಗಿರ್ತಾರಾ?”

“ಇದ್ದಾರೆ ಮೇಡಂ. ಬೆಳಿಗ್ಗೆ ಮೂರು ಮಹಡಿ ಹತ್ತಿ ಬಂದಿದ್ದಾರೆ.”

“ಯಾರು?”

ಅಕ್ಕ ಪೆನ್ನು ತೆಗೆದು ಹನ್ನೆರಡನೇ ಸಾಲಿನ ಮೇಲೆ ಹಿಡಿದಳು. ಒಂದು ಅಡ್ಡಗೆರೆ ಎಳೆದರೆ ಕೆಲಸ ಉಳಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅವಳು ಪೆನ್ನನ್ನು ಮೇಜಿನ ಮೇಲಿಟ್ಟಳು.

“ನಾನೇ ಮೇಡಂ. ಕೆಲಸದಿಂದ ತೆಗೆಯೋದಾದ್ರೆ ಆಮೇಲೆ ತೆಗೀರಿ. ಮೊದಲು ನನ್ನನ್ನ ಸ್ಕ್ಯಾನಿಗೆ ಕಳಿಸಿ.”