ಎರಡು ಗಂಟೆಯ ಬಾಯಾರಿಕೆ

“ಕೋಳಿ ಔಷಧಿ ಕದ್ದು ಮಗಳ ಹೊಟ್ಟೆಗೆ ಸುರಿದೆಯಲ್ಲೇ, ಕಳ್ಳಮುಂಡೆ!”

ಕೋಳಿ ಫಾರಮ್ಮಿನ ಮ್ಯಾನೇಜರ್ ಒಗುನ್‌ಬಿಯಿ ಹೀಗೆ ಬೈಯುವಾಗ ಅಶಾಬಿ ಸತ್ತ ಕೋಳಿಗಳನ್ನು ಕಾಲು ಹಿಡಿದು, ಕೈಗೆ ಐದೈದರಂತೆ, ತಳ್ಳುಗಾಡಿಗೆ ಎಸೆಯುತ್ತಿದ್ದಳು. ಬೆಳಗಿನಿಂದ ಅದು ಹನ್ನೊಂದನೆಯ ಗಾಡಿ.

“ಔಷಧಿ ಹಾಕೋಕೆ ಮುಂಚೆ ಎರಡು ಗಂಟೆ ನೀರು ಬಂದ್ ಮಾಡಿದ್ರಾ?”

“ಮಾಡಿದ್ವಿ ಧಣಿ. ಬಾಯಾರಿ ಬಾಯಾರಿ, ಡ್ರಮ್ಮು ಇಟ್ಟ ಏಟಿಗೆ ಮುಗಿಬಿದ್ದು ಕುಡಿದ್ವು.”

“ಮತ್ಯಾಕೆ ಸಾಯ್ತವೆ? ವಿಲಾಯ್ತಿ ಔಷಧಿ ಕಣೇ ಅದು, ಸೋಲೋದಲ್ಲ! ನೀವು ಹಾಕಿಲ್ಲ. ನಿನ್ನ ಮಗಳಿಗೆ ಯಾವ ಮದ್ದೂ ನಾಟ್ತಾ ಇಲ್ವಂತೆ. ತಿಂದೂ ತಿಂದೂ ಮೈ ಮೊಂಡು ಬಿದ್ದಿದೆ. ಎಲ್ಲಿಂದ ಬಂತು ಅಷ್ಟು ಮದ್ದು?”

ಇದೇ ಪ್ರಶ್ನೆಯನ್ನು ನಿನ್ನೆ ಆಸ್ಪತ್ರೆಯ ನರ್ಸೂ ಕೇಳಿದ್ದಳು. ಅಶಾಬಿಯ ಮಗಳು, ಆರು ವರ್ಷದ ಆರಿಕೆಗೆ ಹನ್ನೆರಡು ದಿನದಿಂದ ಜ್ವರ. ಕಣ್ಣು ತೆರೆಯುವುದಕ್ಕೂ ತ್ರಾಣವಿರಲಿಲ್ಲ. ನರ್ಸು ರಕ್ತಪರೀಕ್ಷೆಯ ಕಾಗದ ಹಿಡಿದು ಓದಿದ್ದಳು.

“ಟೆಟ್ರಾಸೈಕ್ಲಿನ್, ನಾಟಲ್ಲ. ಜೆಂಟಾಮೈಸಿನ್, ನಾಟಲ್ಲ. ಸಂತೇಲಿ ಸಿಕ್ಕಿದ ಮಾತ್ರೆನೆಲ್ಲ ಅರ್ಧರ್ಧ ನುಂಗಿಸಿ ಕ್ರಿಮಿನ ಸಾಕಿದೀಯ. ಅಕ್ಷರ ಬರದಿದ್ರೆ ಹೋಗ್ಲಿ, ಬುದ್ಧೀನಾದ್ರೂ ಬೇಡ್ವಾ?”

ಅಶಾಬಿ ಮಗಳಿಗೆ ಒಂದು ಮಾತ್ರೆಯನ್ನೂ ಕೊಂಡು ತಂದವಳಲ್ಲ. ಅಕ್ಷರವೂ ಬಾರದು. ಆದರೆ ಆ ಹೆಸರುಗಳು ಅವಳಿಗೆ ಓರಗಿತ್ತಿಯರ ಹೆಸರಿನಷ್ಟೇ ಸಲೀಸು. ಕೋಳಿಗೆ ಹಾಕುವ ಔಷಧಿಯಲ್ಲಿ ಮೊದಲನೆಯದು ಹಳದಿ ಚೀಲ, ಎರಡನೆಯದು ನೀಲಿ.

“ಇನ್ನು ಉಳಿದಿರೋದು ಒಂದೇ, ಕೊಲಿಸ್ಟಿನ್. ಏನೂ ನಾಟದೆ ಹೋದಾಗ ಕೊಡೋಕೆ ಅಂತ ಎತ್ತಿಟ್ಟಿರೋ ಮದ್ದು. ನೀನೆಲ್ಲಿ ಕಂಡಿರ್ತೀಯ?”

“ಕಂಡಿದೀನಿ ನರ್ಸಮ್ಮ. ನಮ್ಮ ಮೂರನೇ ಶೆಡ್ಡಿಗೆ ವಾರಕ್ಕೆರಡು ಚೀಲ.”

“ನಾನು ಕೂಸಿನ ಮಾತಾಡ್ತಿದೀನಿ ಕಣೇ, ಕೋಳೀದಲ್ಲ!” ನರ್ಸು ನಕ್ಕುಬಿಟ್ಟಳು. “ನಾಳೆ ಹನ್ನೆರಡಕ್ಕೆ ಇಬಾದಾನ್ ಪಟ್ಟಣದ ದೊಡ್ಡಾಸ್ಪತ್ರೆಗೆ ವ್ಯಾನು ಹೋಗುತ್ತೆ. ತಾಯಿ ಜೊತೇಲಿ ಬರದಿದ್ರೆ ಮಗೂನ ಹತ್ತಿಸ್ಕೊಳ್ಳಲ್ಲ.”

ಈಗ ಹನ್ನೊಂದು ದಾಟಿತ್ತು. ಫಾರಮ್ಮಿನ ಗೇಟಿಗೆ ಬೀಗ ಬಿದ್ದಿತ್ತು.

“ಪ್ರಮಾಣ ಮಾಡದೆ ಒಬ್ಬನೂ ಹೊರಗೆ ಹೋಗೋ ಹಾಗಿಲ್ಲ,” ಎಂದ ಒಗುನ್‌ಬಿಯಿ. ಮಚ್ಚು ತರಿಸಿದ. ಸೋರೆಬುರುಡೆಗೆ ನಲ್ಲಿಯ ನೀರು ಹಿಡಿಸಿದ. ಕಬ್ಬಿಣದ ದೇವರು ಓಗುನ್‌ನ ಹೆಸರು ಹೇಳಿ, ಮಚ್ಚು ಅದ್ದಿದ ನೀರು ಕುಡಿದರೆ, ಕಳ್ಳನ ಕರುಳು ಏಳು ದಿನದಲ್ಲಿ ತುಂಡಾಗುತ್ತದೆ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಮ್ಯಾನೇಜರಿಗೆ, ಕೂಲಿಯವರ ವಿಷಯ ಬಂದಾಗ ಮಾತ್ರ ಹಳೆಯ ದೇವರ ಮೇಲೆ ಭಾರಿ ಭಕ್ತಿ.

ಹದಿಮೂರು ಮಂದಿ ಕೂಲಿಯವರು ಒಬ್ಬೊಬ್ಬರಾಗಿ ಕುಡಿದರು. ಕೊನೆಗೆ ಬುರುಡೆ ಅಶಾಬಿಯ ಕೈಗೆ ಬಂತು. ನೀರು ತಿಳಿಯಾಗಿತ್ತು. ಊರಿಗೆಲ್ಲ ಕುಡಿಯಲು ಇರುವ ಕಟ್ಟೆಯ ನೀರು. ಶೆಡ್ಡಿನ ಹಿಕ್ಕೆ, ಡ್ರಮ್ಮಿನ ತಳದಲ್ಲಿ ಉಳಿದ ಔಷಧಿ, ಎಲ್ಲವನ್ನೂ ಒಂಬತ್ತು ವರ್ಷದಿಂದ ಹಿಂದಿನ ಚರಂಡಿಗೆ ಗುಡಿಸಿ ಬಿಡುತ್ತಿದ್ದವಳು ಅವಳೇ. ಚರಂಡಿ ಇಳಿಯುವುದು ಆ ಕಟ್ಟೆಗೆ. ಹೆಸರಿಟ್ಟ ದಿನ ಶಾಸ್ತ್ರಕ್ಕೆಂದು ಆರಿಕೆಯ ನಾಲಿಗೆಗೆ ತಾಗಿಸಿದ್ದೂ ಇದೇ ನೀರು.

“ನಾನು ಕದ್ದಿದ್ರೆ ಓಗುನ್ ನನ್ನ ಸೀಳಲಿ,” ಎಂದು ಕುಡಿದಳು. ಆಮೇಲೆ ಬುರುಡೆಯನ್ನು ಅವನತ್ತ ಚಾಚಿದಳು. “ಈಗ ನೀವು. ನನ್ನ ಮಗಳಿಗೆ ಔಷಧಿ ಕುಡಿಸಿದೋನು ನಾನಲ್ಲ ಅಂತ ಹೇಳಿ ಕುಡೀರಿ.”

“ನಾನ್ಯಾಕೇ? ನಾನು ಬೈಬಲ್ಲಿನೋನು.”

“ಏಸಪ್ಪನ ಹೆಸರು ಹೇಳೇ ಕುಡೀರಿ. ನೀರೇನು ಬೇಡ ಅನ್ನಲ್ಲ.”

“ಥೂ! ಆ ಕಟ್ಟೆ ನೀರ್ನ ಮನುಷ್ಯರು ಕುಡೀತಾರೇನೇ?”

ಹದಿಮೂರು ಮಂದಿ ಅವನನ್ನೇ ನೋಡಿದರು. ಒಬ್ಬ, ಬಾಯಿ ಒರೆಸಿಕೊಳ್ಳಲು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದ್ದ.

ಅಶಾಬಿ ಬುರುಡೆಯನ್ನು ಅವನ ಕಾಲ ಬಳಿ ಇಟ್ಟಳು. ಗೇಟು ಕಾಯುವ ಮುದುಕ ಅಕನ್ಮು ಸೊಂಟದ ಬೀಗದಕೈ ಬಿಚ್ಚಿದ. “ಓಡು ಮಗಳೇ, ವ್ಯಾನು ಹೊರಟೋಯ್ತದೆ.” ಅವಳ ಹಿಂದೆಯೇ ಉಳಿದವರೂ ಹೊರಬಿದ್ದರು. ಕೊನೆಗೆ ಅಕನ್ಮು ಹೊರಗೆ ಬಂದು, ಗೇಟೆಳೆದು ಬೀಗ ಹಾಕಿದ. ಮ್ಯಾನೇಜರನ ಕಾರು ಹೊರಗೇ ಇತ್ತು. ಚಕ್ರದಲ್ಲಿ ಕೋಳಿರೋಗ ಒಳಗೆ ಬರುತ್ತದೆಂದು ಅವನೇ ಮಾಡಿದ ಕಾನೂನು. ಅವನು ಕುಡಿಯುವ ಬಾಟಲಿ ನೀರೆಲ್ಲ ಆ ಕಾರಿನಲ್ಲಿತ್ತು.

“ಲೇ ಮುದಿಯಾ, ಬೀಗ ತೆಗಿಯೋ! ಕೊಂದ್ಹಾಕಿಬಿಡ್ತೀನಿ!”

“ಎರಡು ಗಂಟೆ ತಡ್ಕೊಳ್ಳಿ ಧಣಿ,” ಎಂದ ಅಕನ್ಮು ತಣ್ಣಗೆ. “ಬಾಯಾರಿದ್ರೆ ತಾವಾಗೇ ಕುಡೀತವೆ ಅಂತ ಕಲಿಸಿದೋರು ನೀವೇ ಅಲ್ವೇ?”

ಅಶಾಬಿ ತಿರುಗಿ ನೋಡಲಿಲ್ಲ. ಬಿಸಿಲಲ್ಲಿ ಓಡಿ ಓಡಿ ಗಂಟಲು ಒಣಗಿತು. ಕಟ್ಟೆ ಏರಿಯ ನಲ್ಲಿಯಲ್ಲಿ ಹೆಂಗಸರು ಕೊಡ ತುಂಬಿಸುತ್ತಿದ್ದರು. ಆಚೆ, ಆಸ್ಪತ್ರೆಯ ಮುಂದೆ, ವ್ಯಾನು ಹಾರ್ನ್ ಹೊಡೆಯುತ್ತಿತ್ತು.

“ಏನೇ ಹಂಗೆ ಏದುಸಿರು ಬಿಡ್ತೀಯ? ಒಂದು ಗುಟುಕು ಕುಡಿದು ಹೋಗು,” ಎಂದು ಒಬ್ಬಳು ಕೊಡ ಬಗ್ಗಿಸಿದಳು.

ಅಶಾಬಿಯ ಕೈಗಳು ತಾವಾಗಿಯೇ ಬೊಗಸೆಯಾದವು.