ಖಾಲಿ ಕೈಯಲ್ಲಿ ಇಂಗ್ಲಿಷು

ನನ್ನ ಸೊಸೆ ಮಾಲತಿ ಇಂಗ್ಲಿಷಿನಲ್ಲಿ ಎರಡನೇ ಸಲ ಫೇಲಾದ ಸುದ್ದಿ ಬಂದಾಗ ನಾವಿಬ್ಬರೂ ಮುಟ್ಟಳ್ಳಿಯ ನಮ್ಮ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದೆವು. ಅವಳು ಮೊಬೈಲು ನೋಡಿದಳು, ಮಗುಚಿಟ್ಟಳು, ಮತ್ತೆ ಮೊಗ್ಗು ಎತ್ತಿಕೊಂಡಳು.

"ಎಂತ ಆತು?" ಎಂದೆ.

"ಹೋತು, ಅತ್ತೆ."

ಹತ್ತನೇ ತರಗತಿಯ ಉಳಿದ ವಿಷಯಗಳೆಲ್ಲ ಅವಳಿಗೆ ಪಾಸಾಗಿದ್ದವು. ಇಂಗ್ಲಿಷೊಂದೇ, ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ ಉಳಿದಿತ್ತು. ಮಾರ್ಚಿನ ಪರೀಕ್ಷೆ ಹೋಯಿತು, ಅದರ ನಂತರದ್ದೂ ಹೋಯಿತು. ಆ ವರ್ಷಕ್ಕೆ ಇನ್ನು ಮೂರನೆಯದು, ಕೊನೆಯದು.

ಕೊನೆಯದು ಯಾಕೆಂದರೆ, ನಮ್ಮ ಕೇರಿಯ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಬಂಗಾರಿ ವಯಸ್ಸಾಗಿ ಕೆಲಸ ಬಿಟ್ಟ ಮೇಲೆ ಮಾಲತಿಯೇ ಅಲ್ಲಿ ಅನ್ನ ಬೇಯಿಸುವುದು, ಮಕ್ಕಳ ಮೂಗು ಒರೆಸುವುದು, ಅಳುವವರನ್ನು ಸೊಂಟಕ್ಕೇರಿಸಿಕೊಂಡು ತಿರುಗುವುದು. ಆದರೆ ಅದು ಸದ್ಯದ ಮಟ್ಟಿಗೆ ಮಾತ್ರ. ಕಾಯಂ ಆಗಬೇಕಾದರೆ ಹತ್ತನೆಯದು ಪಾಸಾಗಬೇಕು, ಈ ವರ್ಷ ಆಗದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಮೇಲಿನ ಆಫೀಸಿನ ಮೇಡಂ ಬಂದು ಹೇಳಿ ಹೋಗಿದ್ದರು. ನನ್ನ ಮಗ ಉದಯ ತೆಂಗಿನ ಮರದಿಂದ ಬಿದ್ದ ಮೇಲೆ ಗೋಡೆ ಹಿಡಿಯದೆ ನಡೆಯುವುದಿಲ್ಲ. ಮಳೆಗಾಲದಲ್ಲಿ ಮಲ್ಲಿಗೆ ಗಿಡವೂ ಮುನಿಸಿಕೊಂಡುಬಿಡುತ್ತದೆ. ಆ ಕೆಲಸ ತಪ್ಪಿದರೆ ಮನೆ ಯಾವುದರ ಮೇಲೆ ನಿಲ್ಲಬೇಕು ಎಂದು ನಾವು ಮೂವರಲ್ಲಿ ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ.

ಮರುದಿನ ನಾನು ಅವಳನ್ನು ಅನಂತಮೂರ್ತಿ ಮಾಸ್ತರರ ಮನೆಗೆ ಕರೆದುಕೊಂಡು ಹೋದೆ. ಅವರು ಸಂತೆಗುಳಿಯವರು. ಕುಮಟೆಯ ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸಿ ನಿವೃತ್ತರಾಗಿ ಈಗ ಭಟ್ಕಳದಲ್ಲಿ ಇದ್ದಾರೆ. ಅವರ ಮನೆಯ ದೇವರಿಗೆ ಮಲ್ಲಿಗೆ ಕೊಡುವುದು ನಾನೇ. ಎಲ್ಲ ಕೇಳಿಕೊಂಡು ಅವರು, "ದಿನಾ ಮಧ್ಯಾಹ್ನ ಬಾ. ನನಗೂ ಹೊತ್ತು ಹೋಗೂದಿಲ್ಲ" ಎಂದರು.

ಅವರ ಜಗಲಿಯ ಒಂದು ಮೂಲೆಯಲ್ಲಿ ನಾನು ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದೆ. ಎರಡನೇ ಕ್ಲಾಸು ದಾಟದ ನನ್ನ ಕಿವಿಗೂ ಅಷ್ಟಿಷ್ಟು ಬೀಳುತ್ತಿತ್ತು.

"ಮೂಲ ಪದ ಒಂದು ಇರ್ತದೆ" ಎನ್ನುತ್ತಿದ್ದರು ಮಾಸ್ತರರು. "ಅದರ ಮುಂದೆ ಒಂದು ತುಂಡು ಸೇರಿಸಿದ್ರೆ ಅರ್ಥ ತಿರುಗ್ತದೆ. ಹ್ಯಾಪಿ, ಅನ್‌ಹ್ಯಾಪಿ. ಹಿಂದೆ ಸೇರಿಸಿದ್ರೆ ಪದದ ಜಾತಿ ಬದಲಾಗ್ತದೆ. ಹ್ಯಾಪಿ, ಹ್ಯಾಪಿನೆಸ್. ಟೀಚ್ ಅನ್ನೂದಕ್ಕೆ ಅರ್ ಸೇರಿಸಿದ್ರೆ ಕಲಿಸುವವರು, ಟೀಚರ್. ಈಗ ಹೇಳು, ಕುಕ್ ಅಂದ್ರೆ ಅಡಿಗೆ ಮಾಡುದು. ಅಡಿಗೆ ಮಾಡುವವಳು?"

"ಕುಕ್ಕರ್" ಎಂದಳು ಮಾಲತಿ.

"ಅಲ್ಲ. ಅವಳೂ ಕುಕ್ಕೇ. ಕುಕ್ಕರ್ ಅಂದ್ರೆ ಪಾತ್ರೆ."

"ಹಾಂಗಾರೆ ಪಾತ್ರೆಗೆ ಸಿಕ್ಕಿದ ಬಾಲ ಅಡಿಗೆಯವಳಿಗೆ ಸಿಕ್ಕಲಿಲ್ಲ" ಎಂದೆ ನಾನು.

ಮಾಸ್ತರರು ನಕ್ಕುಬಿಟ್ಟರು. ಮಾಲತಿ ನಗಲಿಲ್ಲ. ಅವಳಿಗೆ ಎಲ್ಲವೂ ಮುಳ್ಳಾಗಿತ್ತು. ಗೋ ಎಂಬುದು ನಿನ್ನೆಗೆ ಹೋದರೆ ವೆಂಟ್ ಆಗುತ್ತದೆ ಎಂದಾಗ, "ಗೋ ಎಲ್ಲಿ ಹೋತು ಮಾಸ್ತರ್ರೇ? ಒಂದು ಅಕ್ಷರನೂ ಉಳಿಲಿಲ್ವಲ್ಲ" ಎಂದು ಅಳುವ ಹಾಗೆ ಕೇಳಿದಳು.

"ಮದುವೆ ದಿನ ನನ್ನ ಹೆಸರು ಬದಲಿಸಿದ್ರಲ್ಲ, ಹಾಂಗೆ" ಎಂದೆ. "ತೌರಲ್ಲಿ ನಾನು ಶುಕ್ರಿ. ಇಲ್ಲಿ ಗಣಪಿ. ಆಳು ಅದೇ."

ಆ ಒಂದು ಅವಳಿಗೆ ನೆನಪುಳಿಯಿತು. ಉಳಿದದ್ದು ಸಂಜೆಯೊಳಗೆ ಸೋರಿಹೋಗುತ್ತಿತ್ತು. ಒಳಗಿನಿಂದ ಮಾಸ್ತರರ ಹೆಂಡತಿ ಪರಮೇಶ್ವರಮ್ಮ, "ಆ ಕೂಸಿಗೆ ಮೊದಲು ಒಂದು ಲೋಟ ಚಾ ಕೊಡಿ. ನಿಮ್ಮ ವ್ಯಾಕರಣದಿಂದ ಹೊಟ್ಟೆ ತುಂಬ್ತಿಲ್ಲೆ" ಎಂದು ಗದರುತ್ತಿದ್ದರು.

ಒಂದು ದಿನ ನನ್ನ ಬೆರಳು ಸೆಟೆದುಕೊಂಡಿತ್ತು. "ಪುಸ್ತಕ ಅಲ್ಲಿಡು, ಇದನ್ನೊಂದು ಮುಗಿಸಿಕೊಡು" ಎಂದು ಬುಟ್ಟಿ ಅವಳ ಕಡೆ ನೂಕಿದೆ. ಅವಳು ನೆನೆಸಿದ ಬಾಳೆನಾರು ಎತ್ತಿಕೊಂಡು, ಈ ಕಡೆ ಎರಡು ಮೊಗ್ಗು, ಆ ಕಡೆ ಎರಡು ಇಟ್ಟು ಸುತ್ತು ಹಾಕತೊಡಗಿದಳು. ಮಾಸ್ತರರು ಸುಮ್ಮನಿರಲಾರದೆ ಕೇಳಿದರು, "ಕೈಂಡ್?"

"ಅನ್‌ಕೈಂಡ್" ಎಂದಳು, ಎಡಗಡೆಗೆ ಮೊಗ್ಗು ಇಡುತ್ತ. ಬಲಗಡೆಗೆ ಇಡುವಾಗ, "ಕೈಂಡ್‌ನೆಸ್." ಸುತ್ತು ಬಿಗಿದಳು.

"ರೈಟ್, ಬರಿಯೂದು. ಅದಕ್ಕೆ ನಿನ್ನೆಯ ರೂಪ?"

ಕಟ್ಟಿ ಕೆಳಗೆ ಇಳಿಬಿದ್ದಿದ್ದ ದಂಡೆಯನ್ನು ಅವಳು ನೋಡಿದಳು. "ರೋಟ್. ಇದು ಕಟ್ಟಿ ಆದದ್ದು. ಬೆರಳಲ್ಲಿ ಇರೂದು ಈಗಿಂದು. ಬುಟ್ಟಿಲಿರೂದು ವಿಲ್ ರೈಟ್."

ಮಾಸ್ತರರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಅವತ್ತಿನಿಂದ ಪಾಠ ಬುಟ್ಟಿಯ ಜೊತೆಗೇ ನಡೆಯಿತು. ಅವನು ಅಥವಾ ಅವಳು ಮಾಡುವ ಕೆಲಸದ ಪದಕ್ಕೆ ಎಸ್ ಎಂಬ ಬಾಲ ಬರುವುದು, ಡಿಡ್ ಬಂದು ಕೂತರೆ ಮುಂದಿನ ಪದ ಮೂಲ ರೂಪಕ್ಕೆ ಮರಳುವುದು, ಎಲ್ಲಕ್ಕೂ ಅವಳ ಬೆರಳಿಗೆ ಒಂದೊಂದು ಸುತ್ತು ಸಿಕ್ಕಿತು. ಮೊಗ್ಗಿಲ್ಲದ ದಿನ ಬರೀ ನಾರಿಗೆ ಗಂಟು ಹಾಕುತ್ತ ಹೇಳುತ್ತಿದ್ದಳು. ತಪ್ಪೇ ಇರಲಿಲ್ಲ.

ಆದರೆ ನಾರು ಕೈಬಿಟ್ಟ ಕೂಡಲೇ ಬಾಯಿ ಕಟ್ಟಿಹೋಗುತ್ತಿತ್ತು.

"ಹೋದ ಸಲನೂ ಹೀಂಗೇ ಆದದ್ದು, ಅತ್ತೆ" ಎಂದಳು ಒಂದು ದಿನ. "ಬಲಗೈಲಿ ಪೆನ್ನು. ಎಡಗೈ ಸುಮ್ನೆ ಬೆಂಚಿನ ಮೇಲೆ ಸತ್ತ ಮೀನಿನ ಹಾಂಗೆ ಬಿದ್ದಿತ್ತು. ಅದನ್ನ ನೋಡ್ತಾ ಕೂತೆ. ತಲೆನೂ ಹಾಂಗೇ ಆತು."

ಪರೀಕ್ಷೆಯ ಕೇಂದ್ರ ಹೊನ್ನಾವರದಲ್ಲಿ ಬಿದ್ದಿತ್ತು. ಬೆಳಿಗ್ಗೆ ಕೊಯ್ದ ಮೊಗ್ಗನ್ನು ಬಾಳೆಲೆಯಲ್ಲಿ ಮುಚ್ಚಿಟ್ಟು ನಾವಿಬ್ಬರೂ ಬಸ್ಸು ಹತ್ತಿದೆವು. ಶರಾವತಿ ಸೇತುವೆಯ ಮೇಲೆ ಬಸ್ಸು ಹೋಗುವಾಗ ಸೊಂಟದಿಂದ ಒಂದು ಒದ್ದೆ ನಾರು ತೆಗೆದು ಎಡಗೈ ಮಣಿಕಟ್ಟಿಗೆ, ಬಳೆಗಳ ಕೆಳಗೆ, ಸುತ್ತಿಕೊಂಡಳು.

"ಎಂತಕ್ಕೆ ಅದು?"

"ಖಾಲಿ ನಾರು. ಒಂದು ಗಂಟೂ ಇಲ್ಲ, ನೋಡಿ. ಮುಟ್ಟಿಕೊಂಡಿದ್ರೆ ಸಾಕು."

ನಾನು ಬೇಡ ಎನ್ನಲಿಲ್ಲ. ಹೂ ಕಟ್ಟುವವರ ಮೈಮೇಲೆ ಎಲ್ಲಾದರೂ ಒಂದು ನಾರು ಇದ್ದೇ ಇರುತ್ತದೆ. ಅದರಲ್ಲೊಂದು ತಪ್ಪಿದೆ ಎಂದು ನಮಗಿಬ್ಬರಿಗೂ ಹೊಳೆಯಲೇ ಇಲ್ಲ. ಗೇಟಿನಲ್ಲಿ ತಪಾಸಣೆ ಮಾಡಿದ ಪೊಲೀಸಿನ ಹುಡುಗಿಯೂ ದೇವರ ದಾರ ಎಂದುಕೊಂಡು ಬಿಟ್ಟಳು.

ನಾನು ರಸ್ತೆಯಾಚೆ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಗಂಟೆ ಬಾರಿಸಿ ಬಹಳ ಹೊತ್ತಾದ ಮೇಲೆ ಜವಾನ ಹೊರಗೆ ಬಂದು ಕೂಗಿದ. "ಮುಟ್ಟಳ್ಳಿ ಮಾಲತಿ ಕಡೆಯವರು ಯಾರು?"

ನಾನು ಕೈ ಎತ್ತಿದೆ. ಅವನು ಒಳಗೆ ಕರೆದುಕೊಂಡು ಹೋದ.

ಆಫೀಸಿನ ಕೋಣೆಯಲ್ಲಿ ಪರೀಕ್ಷೆಯ ಮುಖ್ಯಸ್ಥೆ ಶಾಂಭವಿ ಮೇಡಂ ಕೂತಿದ್ದರು. ಮೇಜಿನ ಮೇಲೆ ನಾರು. ಅದರ ತುಂಬ ಗಂಟುಗಳು. ಇಲ್ಲೊಂದು, ಅಲ್ಲಿ ಎರಡು ಕೂಡಿದ್ದು. ಮಾಲತಿ ಗೋಡೆಗೆ ಆತು ನಿಂತಿದ್ದಳು. ಅವಳ ಉತ್ತರ ಪತ್ರಿಕೆ ಮೇಡಂ ಕೈಯಲ್ಲಿತ್ತು.

"ಅಮ್ಮಾ, ಇದು ಎಂತ? ಯಾವ ನಮೂನೆ ಕಾಪಿ ಇದು?"

"ಬಾಳೆನಾರು ಮೇಡಂ. ಹೂ ಕಟ್ಟೂದು."

"ಅದು ನನಗೂ ಗೊತ್ತು. ಗಂಟು ಎಂತಕ್ಕೆ?"

"ಪ್ರಶ್ನೆ ನೋಡ್ಕಂಡು ಈಗ ಹಾಕಿದ್ದು, ಮೇಡಂ" ಎಂದಳು ಮಾಲತಿ. ಅವಳ ಸ್ವರ ನೆಲದಿಂದ ಬರುತ್ತಿರುವ ಹಾಗಿತ್ತು. "ಮೊದಲು ಎಲ್ಲ ಪ್ರಶ್ನೆಗೂ ಗಂಟು ಹಾಕ್ಕೊಂಡೆ. ಮತ್ತೆ ನೋಡಿ ಬರಿವ ಅಂತ. ಕಟ್ಟಿದ್ರೆ ಮಾತ್ರ ನಂಗೆ ನೆನಪಾಗೂದು."

"ನಾನೂ ದಿನಾ ಹೂ ಮುಡಿತೇನೆ. ಅದರಿಂದ ನನಗೆ ಇಂಗ್ಲಿಷ್ ಬರಲಿಲ್ಲ" ಎಂದರು ಮೇಡಂ. ಸಿಟ್ಟಿನಿಂದಲ್ಲ, ದಣಿದವರ ಹಾಗೆ. "ಗಂಟಿನೊಳಗೆ ಚೀಟಿ ಸುತ್ತಿಟ್ಟಿಲ್ಲ ಅಂತ ನಾನು ಹೇಗೆ ನಂಬೂದು? ಕೋಣೆಯಲ್ಲಿ ಕಾವಲಿದ್ದ ಮಾಸ್ತರರು ಕಾಪಿ ಅಂತ ಬರೆದುಕೊಡಿ ಅಂತಾರೆ. ನಾನು ಬರೆದು ಕಳಿಸಿದ್ರೆ ಇವರು ಇನ್ನು ಪರೀಕ್ಷೆಗೇ ಕೂರುವ ಹಾಗಿಲ್ಲ."

"ಹಾಂಗೆ ಮಾಡಬೇಡಿ, ತಾಯಿ. ಬಿಚ್ಚಿ ನೋಡಿ."

ಮೇಡಂ ಉಗುರಿನಿಂದ ಒಂದು ಗಂಟು ಬಿಚ್ಚಲು ಹೋದರು, ಆಗಲಿಲ್ಲ. ನಾರು ನನ್ನ ಕಡೆ ಸರಿಸಿದರು. "ನೀವೇ ಬಿಚ್ಚಿ. ನನ್ನ ಎದುರಿಗೆ. ಒಂದೊಂದೂ. ಎಂತದೂ ಇಲ್ಲ ಅಂತಾದ್ರೆ ಹೋಗಿ ಬರಿಲಿ."

ನಾನು ಕೂತೆ. ಬಾಳೆನಾರು ಅರೆ ಒಣಗಿದಾಗ ಅವಸರ ತಾಳುವುದಿಲ್ಲ. ಎಳೆದರೆ ಸೀಳುತ್ತದೆ. ಸೀಳಿದರೆ ಏನೋ ಮುಚ್ಚಿದರು ಅನ್ನುತ್ತಾರೆ. ನಾಲಗೆಯಿಂದ ಬೆರಳು ಒದ್ದೆ ಮಾಡಿಕೊಂಡು ಮೊದಲನೆಯ ಗಂಟು ಸಡಿಲಿಸಿದೆ. ಒಳಗೆ ಏನೂ ಇರಲಿಲ್ಲ. ಮೇಡಂ ಬಗ್ಗಿ ನೋಡಿ, "ಮುಂದೆ" ಎಂದರು.

ಗೋಡೆಯ ಗಡಿಯಾರ ನನ್ನ ತಲೆಯ ಮೇಲೇ ಇತ್ತು. ನಾನು ಕತ್ತೆತ್ತಿ ನೋಡಲಿಲ್ಲ. ಮಾಲತಿ ಮಾತ್ರ ಒಮ್ಮೆ ಗಡಿಯಾರ, ಒಮ್ಮೆ ನನ್ನ ಬೆರಳು ನೋಡುತ್ತಿದ್ದಳು. ಒಂದೊಂದು ಗಂಟು ಬಿಚ್ಚುವಾಗಲೂ ಅವಳ ತುಟಿ ಅಲುಗುತ್ತಿತ್ತು. ಮೊದಮೊದಲು ಪದ ಕೇಳಿಸುತ್ತಿತ್ತು, "ಅನ್‌ಕೈಂಡ್… ಡಸ್ ನಾಟ್ ಗೋ…" ಹಿಡಿದಿಟ್ಟುಕೊಳ್ಳಲು ನೋಡುತ್ತಿದ್ದಳು. ಆಮೇಲೆ ತುಟಿ ಮಾತ್ರ ಅಲುಗಿತು. ಆಮೇಲೆ ಅದೂ ನಿಂತಿತು. ಅವಳು ಕೂಡಿಹಾಕಿದ್ದನ್ನೆಲ್ಲ ಅವಳನ್ನು ಉಳಿಸಲಿಕ್ಕೆಂದೇ ನಾನು ನನ್ನ ಕೈಯಾರೆ ಒಂದೊಂದಾಗಿ ಖಾಲಿ ಮಾಡುತ್ತಿದ್ದೆ.

"ಬೇಗ, ಅತ್ತೆ" ಎಂದಳು, ಉಸಿರಿನಲ್ಲಿ.

"ಹರೀತದೆ ಮಗಾ."

ಕೊನೆಯ ಗಂಟು ಬಿಚ್ಚಿದ ಮೇಲೆ ನಾರು ಮೇಜಿನ ಮೇಲೆ ಉದ್ದಕ್ಕೆ ಮಲಗಿತು. ಮೇಡಂ ಅದನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. "ಹೋಗಿ, ಬರೀರಿ. ಕಾಪಿ ಅಂತ ನಾನು ಹಾಕೂದಿಲ್ಲ."

"ಹೋದ ಹೊತ್ತು ಮೇಡಂ?" ಎಂದೆ ನಾನು.

"ಅದನ್ನ ಕೊಡೂದು ನನ್ನ ಕೈಲಿಲ್ಲ, ಅಮ್ಮಾ."

ಮಾಲತಿ ನಾರಿನ ಕಡೆ ಕೈ ಚಾಚಿದಳು. ಮೇಡಂ ತಲೆಯಲ್ಲಾಡಿಸಿದರು. ಅವಳು ಬರಿಗೈಯಲ್ಲಿ ಓಡಿದಳು. ವರಾಂಡದಲ್ಲಿ ಅವಳ ಚಪ್ಪಲಿಯ ಸದ್ದು ದೂರವಾಗುವವರೆಗೆ ನಾನು ಅಲ್ಲೇ ನಿಂತಿದ್ದೆ.

ಪರೀಕ್ಷೆ ಮುಗಿಸಿ ಅವಳು ಹೊರಗೆ ಬಂದಳು. ಅವಳ ಸೀರೆಯ ಸೆರಗಿನ ಅಂಚು ಎಳೆ ಎಳೆಯಾಗಿ ಬಿಚ್ಚಿಹೋಗಿತ್ತು. ಬಸ್ಸಿನಲ್ಲಿ ಇಡೀ ದಾರಿ ಕಿಟಕಿಗೆ ತಲೆ ಆನಿಸಿ ಕೂತಿದ್ದಳು.

ಮನೆಗೆ ಬಂದು ಬಾಳೆಲೆ ತೆಗೆದರೆ ಮೊಗ್ಗೆಲ್ಲ ಅರಳಿ ಕೂತಿದ್ದವು. ಅರಳಿದ ಮಲ್ಲಿಗೆಯನ್ನು ಪೇಟೆಯಲ್ಲಿ ಯಾರೂ ಮೂಸಿ ನೋಡುವುದಿಲ್ಲ. ಆದರೂ ಮಾಲತಿ ಜಗಲಿಯಲ್ಲಿ ಕೂತು ನಾರು ಎತ್ತಿಕೊಂಡಳು. ಮೊದಲನೇ ಪ್ರಶ್ನೆ ಹೇಳಿದಳು, ಉತ್ತರ ಹೇಳಿದಳು, "ಇದು ಬರೆದೆ" ಎಂದು ಹೂ ಇಟ್ಟು ಸುತ್ತಿದಳು. ಎರಡನೆಯದಕ್ಕೂ ಉತ್ತರ ಹೇಳಿದಳು. "ಇದು ಬರಿಲಿಲ್ಲ." ಹೂವನ್ನು ಬುಟ್ಟಿಯಲ್ಲೇ ಬಿಟ್ಟಳು. ಹಾಗೇ ಪ್ರಶ್ನೆಪತ್ರಿಕೆ ಮುಗಿಯುವವರೆಗೆ ನಡೆಯಿತು. ಗೋಡೆ ಹಿಡಿದು ಬಾಗಿಲಲ್ಲಿ ನಿಂತ ಉದಯ ಕೇಳುತ್ತಿದ್ದ. ಅವಳಿಗೆ ಬಾರದ ಉತ್ತರ ಒಂದೂ ಇರಲಿಲ್ಲ.

ಕೊನೆಗೆ ಅವಳು ದಂಡೆ ಎತ್ತಿ ಹಿಡಿದಳು. ಒಂದು ಮಗುವಿನ ಜಡೆಗೂ ಸಾಲುವಂತಿರಲಿಲ್ಲ. ಬುಟ್ಟಿ ತುಂಬಿತ್ತು.

"ಸಾಕಾ ಇದು ಪಾಸಿಗೆ?" ಎಂದ ಉದಯ.

ಮಾಲತಿ ದಂಡೆಯನ್ನು ಬುಟ್ಟಿಯೊಳಗೆ ಇಟ್ಟಳು.

ಸಾಕಾಗಲಿಲ್ಲ. ಫಲಿತಾಂಶ ಬಂದ ಮೇಲೆ ಅಂಗನವಾಡಿಗೆ ಅರ್ಚಿತಾ ಎಂಬ ಹುಡುಗಿಯನ್ನು ಹಾಕಿದರು. ಒಳ್ಳೆಯ ಹುಡುಗಿಯೇ. ಮೊದಲ ದಿನ ಮಕ್ಕಳು ಅವಳ ಕೈಯಿಂದ ಉಣ್ಣಲಿಲ್ಲವೆಂದು ಮಾಲತಿಯನ್ನೇ ಕರೆಸಿದರು. ಹೋಗಿ ಉಣಿಸಿ ಬಂದಳು. ಬಂದವಳು ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಅವಳ ಅಂಥ ಅಳು ನಾನು ಉದಯ ಮರದಿಂದ ಬಿದ್ದ ದಿನವೂ ಕೇಳಿರಲಿಲ್ಲ.

ಅನಂತಮೂರ್ತಿ ಮಾಸ್ತರರು ಆಟೋ ಮಾಡಿಕೊಂಡು ನಮ್ಮ ಮನೆಗೇ ಬಂದರು. ಜಗಲಿಯಲ್ಲಿ ಕೂತು ಬಹಳ ಹೊತ್ತು ಟೊಪ್ಪಿ ಮಡಚಿದರು, ಬಿಡಿಸಿದರು. "ತಪ್ಪು ನನ್ನದು. ನಾನು ಅವಳ ಕೈಯಿಂದ ನಾರು ಬಿಡಿಸಿ ಕಲಿಸ್ಬೇಕಿತ್ತು. ಸುಲಭ ಆತು ಅಂತ ಸುಮ್ಮನಾದೆ."

"ಬಿಡಿ ಮಾಸ್ತರ್ರೇ. ಕೆಲಸ ಹೋತು" ಎಂದೆ. "ಇನ್ನು ಯಾರಿಗೆ ಬೇಕು ಅದು?"

ಒಳಗಿನಿಂದ ಮಾಲತಿ ಬಂದಳು. ಕಣ್ಣು ಬಾತುಕೊಂಡಿತ್ತು. ಮಾಸ್ತರರ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ಎರಡೂ ಅಂಗೈಗಳನ್ನು ಮೇಲೆ ಮಾಡಿ ಮೊಣಕಾಲ ಮೇಲಿಟ್ಟುಕೊಂಡಳು.

"ಮಾರ್ಚಿಗೆ ಮತ್ತೆ ಇರ್ತದಲ್ಲ. ಕೇಳಿ" ಎಂದಳು.

ಮಾಸ್ತರರು ನನ್ನ ಕಡೆ ನೋಡಿದರು. ಆಮೇಲೆ ಮೆಲ್ಲಗೆ, "ಕೈಂಡ್?" ಎಂದರು.

ಅವಳ ತುಟಿ ತೆರೆಯಿತು, ಏನೂ ಬರಲಿಲ್ಲ. ಎಡಗೈಯ ಹೆಬ್ಬೆರಳು ತೋರುಬೆರಳನ್ನು ಹುಡುಕಿಕೊಂಡು ಹೋಯಿತು, ಸುತ್ತಲು ಏನೂ ಸಿಗದೆ ಮರಳಿತು. ಮಾಸ್ತರರು ಕಾದರು.

ನನ್ನ ಪಕ್ಕದ ತಟ್ಟೆಯಲ್ಲಿ ನೆನೆಸಿದ ನಾರು ಇತ್ತು. ಕೈ ಚಾಚಿದರೆ ಅವಳಿಗೆ ಸಿಗುತ್ತಿತ್ತು. ನಾನು ತಟ್ಟೆಯನ್ನು ನನ್ನ ಬೆನ್ನ ಹಿಂದಕ್ಕೆ ಸರಿಸಿಕೊಂಡೆ.