ಹಿತ್ತಲಿನ ಚುಕ್ಕೆಗಳು

"ಕೈ ತೆಗಿಯೋ ಬೋಳಿಮಗನೆ, ನಿಮ್ಮಪ್ಪನ ಗೋಡೆನಾ ಅದು?" ಎಂದು ಅರಣ್ಯ ಇಲಾಖೆಯ ಸಾಹೇಬ ಗದರಿದ.

ಗೋಡೆಯ ಮೇಲೆ ಕಂಪ್ಯೂಟರಿನಿಂದ ಬಿದ್ದಿದ್ದ ಕಾಡಿನ ನಕಾಶೆಯನ್ನು ಮುಟ್ಟಲು ಹೋದ ಹೆಜ್ಜೆಗಾರ ಕೈ ಹಿಂದಕ್ಕೆಳೆದುಕೊಂಡ. ಪ್ರಾಣಿಗಳ ಹೆಜ್ಜೆ ಹುಡುಕುವ ಕೂಲಿಯವನಿಗೆ ಆಫೀಸಿನಲ್ಲಿ ಅದೇ ಹೆಸರು.

ನಕಾಶೆಯ ತುಂಬ ಜಿಂಕೆ ಕಂಡ ಕಡೆಯ ಚುಕ್ಕೆಗಳು; ಜಿಂಕೆಗೆ ಜಾಗ ಹಿಡಿಸಿದಷ್ಟೂ ಹಸಿರು ಗಾಢ. ಎಲ್ಲಕ್ಕಿಂತ ಗಾಢವಾಗಿದ್ದುದು ತೊರೆಯ ತಿರುವು, ಅವನ ಹಟ್ಟಿ ಇರುವ ಕಡೆ. ಹುಲ್ಲಿನ ಸೂರುಗಳ ಮೇಲೆ ಮರಗಳು ಬಾಗಿದ್ದರಿಂದ ಆಕಾಶದಿಂದ ತೆಗೆದ ಚಿತ್ರದಲ್ಲಿ ಒಂದು ಮನೆಯೂ ಇರಲಿಲ್ಲ.

"ಸಾರ್, ಅಲ್ಲಿ ನಾವಿದೀವಿ."

"ಇದ್ರೆ ಎದ್ದು ಹೋಗಿ, ಗಾಢ ಹಸಿರಿರೋ ಜಾಗ ಇನ್ಮೇಲೆ ಜಿಂಕೆಗೆ ಮೀಸಲು. ಈ ಚುಕ್ಕೆಗಳನ್ನೆಲ್ಲ ಒತ್ತಿದ್ದು ನೀನೇ ಅಲ್ವೇನೋ?"

ಜಿಂಕೆ ಕಂಡಲ್ಲೆಲ್ಲ ಗುಂಡಿ ಒತ್ತು ಎಂದು ಅವನ ಕೈಗೊಂದು ಯಂತ್ರ ಕೊಟ್ಟಿದ್ದರು. ಕಾಡೆಲ್ಲ ಅಲೆದು ಒತ್ತಿದ್ದ, ಮನೆಗೆ ಬಂದ ಮೇಲೂ ಒತ್ತಿದ್ದ. ಸಂಜೆಯಾದರೆ ಹಿತ್ತಲಿಗೆ ಒಂದು ಹೆಣ್ಣು ಜಿಂಕೆ ಬರುತ್ತಿತ್ತು. ಜ್ವರದಲ್ಲಿ ತೀರಿಕೊಂಡ ಮಗಳು ಮರಿಯಿಂದ ಸಾಕಿದ್ದು. ಮಗಳನ್ನು ಮಣ್ಣು ಮಾಡಿದ ಜಾಗದಲ್ಲೇ ನಿಂತು ಅವನ ಹೆಂಡತಿಯ ಕೈಯಿಂದ ಉಪ್ಪು ನೆಕ್ಕುತ್ತಿತ್ತು. ಮಗಳ ಜಿಂಕೆಯೂ ಸರ್ಕಾರದ ಲೆಕ್ಕಕ್ಕೆ ಸೇರಲಿ ಎಂದು ಆ ಹುಚ್ಚು ಅಪ್ಪ ದಿನಾ ಸಂಜೆ ಹೆಮ್ಮೆಯಿಂದ ಗುಂಡಿ ಒತ್ತಿದ್ದ.

"ಹಟ್ಟಿ ಹತ್ರದ ಚುಕ್ಕೆಯೆಲ್ಲ ಒಂದೇ ಜಿಂಕೆ ಸಾರ್. ನಮ್ಮ ಹುಡುಗಿ ಸಾಕಿದ್ದು. ಅಳಿಸಿಬಿಡಿ."

"ನಿನ್ನ ಹುಡುಗಿ ಕಥೆ ಕಂಪ್ಯೂಟರಿಗ್ಯಾಕೋ? ನಾಳೆ ಸಂಜೆ ದೊಡ್ಡ ಸಾಹೇಬ್ರು ನೋಡೋಕೆ ಬರ್ತಾರೆ. ಜಿಂಕೆ ಕಂಡ್ರೆ ನಿಮ್ಮ ಹಟ್ಟಿ ಖಾಲಿ. ಹೋಗ್ತಾ ಆ ಚಹಾ ಲೋಟ ತೊಳೆದಿಡು."

ಅವನು ಲೋಟ ತೊಳೆದಿಟ್ಟು ಮನೆಗೆ ಬಂದ.

"ನಾನೇ ಕಣೆ ಮನೆ ತೆಗೆದೆ," ಎಂದು ಹೆಂಡತಿಗೆ ಎಲ್ಲ ಹೇಳಿದ.

ಅವಳು ಬಯ್ಯಲಿಲ್ಲ. "ಮನೆ ಬಿಡೋಣ. ಮಣ್ಣಲ್ಲಿರೋಳನ್ನ ಎಲ್ಲಿಗೆ ಎತ್ಕೊಂಡು ಹೋಗ್ಲಿ?" ಎಂದಳು.

ಮರುದಿನ ಸಂಜೆ ಅವಳು ತೊರೆಯಿಂದ ಒಂದು ಕಲ್ಲು ತಂದು ಹಿತ್ತಲಲ್ಲಿ ನಿಂತಳು. ಜಿಂಕೆ ಹೊತ್ತಿಗೆ ಸರಿಯಾಗಿ ಬಂತು.

"ಹೋಗೆ. ಹೋಗು ಅಂದ್ರೆ ಹೋಗೇ ಮುಂಡೆ," ಎಂದು ಕಲ್ಲು ಹಿಡಿದ ಕೈ ಎತ್ತಿದಳು. ಎತ್ತಿದ ಕೈ ತಾನಾಗಿಯೇ ಇಳಿಯಿತು.

ತೊರೆಯಾಚೆ ದೊಡ್ಡ ಸಾಹೇಬರ ಜೀಪಿನ ಸದ್ದು ಕೇಳಿಸಿತು.

"ಹೊಡಿಯೇ," ಎಂದ ಗಂಡ, ಅಳುತ್ತಾ.

ಮುಚ್ಚಿದ ಆ ಮುಷ್ಟಿಯಲ್ಲಿ ಜಿಂಕೆ ಉಪ್ಪನ್ನಲ್ಲದೆ ಬೇರೇನೂ ಕಂಡಿರಲಿಲ್ಲ. ಅದು ಇನ್ನಷ್ಟು ಹತ್ತಿರ ಬಂದು ಅವಳ ಬೆರಳುಗಳನ್ನು ನೆಕ್ಕತೊಡಗಿತು.